ಚಿತ್ರದ ಅಡಿಯಲ್ಲಿರುವ ಅಂಕೆಗಳು

ಕನ್ನಡದ ಮೊದಲ ವೃತ್ತಪತ್ರಿಕೆಯೆನಿಸಿದ ‘ಮಂಗಳೂರ ಸಮಾಚಾರ’ವು 1843ನೆಯ ಇಸವಿಯ ಜುಲೈ 1ರಂದು ಮಂಗಳೂರಿನಲ್ಲಿ ಪ್ರಕಟವಾಯಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗರು ಅದರ ಸಂಪಾದಕರಾಗಿದ್ದರು. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಎಂದರೆ, ಜಿಡ್ಡಿನ ಮಸಿಯಿಂದ ಕೈಯಲ್ಲಿ ಬರೆದ ಅಕ್ಷರಗಳನ್ನೇ ಕಲ್ಲಿನ ಮೇಲೆ ಮೂಡಿಸಿ, ಆ ಕಲ್ಲಿನಿಂದ ಕಾಗದಕ್ಕೆ ಒತ್ತುತ್ತಿದ್ದರು. ಅದೇ ಮಿಶನ್ನಿನ ಮುದ್ರಣಾಲಯದಿಂದ ಮುಂದೆ, 1894ರಲ್ಲಿ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಇಂತಹ ಹಳೆಯ ಮುದ್ರಣಗಳ ಕಾಗದವು ಈಗ ಮುಟ್ಟಿದರೆ ಮುರಿಯುವಷ್ಟು ಜೀರ್ಣವಾಗಿರುವುದುಂಟು. ಆದುದರಿಂದ ನಮ್ಮಲ್ಲಿ ಬಹುಮಂದಿ ಅವುಗಳನ್ನು ಓದುವುದು ಗಣಕದ ಪರದೆಯ ಮೇಲೆ, ಅವುಗಳಿಂದ ತೆಗೆದ ಚಿತ್ರಗಳ ಮೂಲಕ.

ಅಂತಹ ಒಂದು ಪುಟದಲ್ಲಿ ‘ದನ’ ಎಂಬಂತೆ ಕಾಣುವ ಒಂದು ಪದ ಬಂದಿತೆಂದು ಭಾವಿಸೋಣ. ಅದು ಕೊಟ್ಟಿಗೆಯ ದನವೋ, ಪೆಟ್ಟಿಗೆಯ ಧನವೋ? ಇವೆರಡಕ್ಕೂ ಇರುವ ವ್ಯತ್ಯಾಸವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಗೀಟಿನಲ್ಲಿ ಅಡಗಿದೆ. ಆ ಗೀಟು ಪರದೆಯ ಮೇಲೆ ಕಾಣದಿದ್ದರೆ ಮೂರು ಕಾರಣಗಳಿರಬಹುದು: ಮೂಲ ಕಾಗದದಲ್ಲಿಯೇ ಅದು ಇಲ್ಲದಿರಬಹುದು, ಕಾಗದದಲ್ಲಿದ್ದರೂ ಚಿತ್ರ ತೆಗೆಯುವಾಗ ಕಳೆದುಹೋಗಿರಬಹುದು, ಚಿತ್ರದಲ್ಲಿದ್ದರೂ ನಾವು ನೋಡುತ್ತಿರುವ ರೀತಿಯಲ್ಲಿ ಅಡಗಿರಬಹುದು. ಈ ಮೂರರಲ್ಲಿ ಯಾವುದು ನಿಜವೆಂದು ಕಣ್ಣೊಂದೇ ನಿರ್ಧರಿಸಲಾರದು. ಅದಕ್ಕೆ ನೆರವಾಗುವ ಅಂಕೆಗಳು ಕಿಟಕಿಯ ಅಡಿಯಲ್ಲಿ ಒಂದು ಸಣ್ಣ ಸಾಲಿನಲ್ಲಿರುತ್ತವೆ. ಆ ಸಾಲನ್ನು ಓದುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಸ್ಥಿತಿಪಟ್ಟಿ ಎಂದರೇನು?

ಚಿತ್ರಗಳನ್ನು ತೆರೆದು ತೋರಿಸುವ ತಂತ್ರಾಂಶಗಳು ಹಲವಾರು ಇವೆ. ಅವುಗಳ ಕಿಟಕಿಯ ತಳದಲ್ಲಿ ಅಂಕೆಗಳಿಂದ ಕೂಡಿದ ಒಂದು ಪಟ್ಟಿಯನ್ನು ಕಾಣಬಹುದು. ಇದಕ್ಕೆ ಸ್ಟೇಟಸ್ ಬಾರ್ ಎಂದು ಹೆಸರು. ಕನ್ನಡದಲ್ಲಿ ಸ್ಥಿತಿಪಟ್ಟಿ ಎನ್ನುತ್ತಾರೆ. ಕೆಲವು ತಂತ್ರಾಂಶಗಳಲ್ಲಿ ಇದು ಮೊದಲು ಮರೆಯಾಗಿರುತ್ತದೆ. ‘ವ್ಯೂ’ ಎಂಬ ಆಯ್ಕೆಪಟ್ಟಿಯಲ್ಲಿ ಅದನ್ನು ತೋರಿಸುವ ಏರ್ಪಾಡು ಇರುತ್ತದೆ.

ಬಾಸ್ನಿಯಾ ದೇಶದಲ್ಲಿ ಜನಿಸಿದ ಇರ್ಫಾನ್ ಸ್ಕಿಲ್ಯಾನ್ ಎಂಬುವರು ರಚಿಸಿ 1996ರಲ್ಲಿ ಹೊರತಂದ ‘ಇರ್ಫಾನ್‌ವ್ಯೂ’ ಎಂಬ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಹಳೆಯ ಪುಸ್ತಕವೊಂದರ ಪುಟವನ್ನು ತೆರೆದಾಗ ಸ್ಥಿತಿಪಟ್ಟಿಯು ಸುಮಾರಾಗಿ ಹೀಗೆ ಕಾಣುವುದು:

2400 × 3300 × 24 ಬಿಪಿಪಿ | 17/64 | 30% | 2.10 ಎಂಬಿ / 22.66 ಎಂಬಿ | ದಿನಾಂಕ, ವೇಳೆ

ಮೊದಲ ಭಾಗವು ಚಿತ್ರದ ಅಗಲ, ಎತ್ತರ ಮತ್ತು ವರ್ಣದ ಆಳವನ್ನು ಹೇಳುತ್ತದೆ. ಎರಡನೆಯದು ಕಡತಗಳ ಸಾಲಿನಲ್ಲಿ ಈ ಚಿತ್ರ ಎಷ್ಟನೆಯದೆಂಬುದನ್ನೂ, ಮೂರನೆಯದು ಎಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ತೋರಿಸಲಾಗಿದೆಯೆಂಬುದನ್ನೂ ತಿಳಿಸುತ್ತದೆ. ನಾಲ್ಕನೆಯದರಲ್ಲಿ ಕಡತದ ಗಾತ್ರವೂ ಗಣಕದ ನೆನಪಿನಲ್ಲಿ ಚಿತ್ರವು ಆಕ್ರಮಿಸುವ ಗಾತ್ರವೂ ಇವೆ. ಕೊನೆಯದು ಕಡತದ ದಿನಾಂಕ. ಬೇರೆ ತಂತ್ರಾಂಶಗಳಲ್ಲಿ ಈ ಭಾಗಗಳ ಸ್ಥಾನ ಬದಲಾಗಬಹುದು, ಒಂದೆರಡು ಇಲ್ಲದಿರಲೂಬಹುದು. ಆದರೆ ಅರ್ಥ ಎಲ್ಲೆಲ್ಲಿಯೂ ಒಂದೇ. ಇನ್ನು ಇವನ್ನು ಒಂದೊಂದಾಗಿ ಪರೀಕ್ಷಿಸೋಣ.

ಪಿಕ್ಸೆಲ್ ಮತ್ತು ಅಕ್ಷರ

ಗಣಕದಲ್ಲಿರುವ ಛಾಯಾಚಿತ್ರವು ಸಣ್ಣ ಸಣ್ಣ ಚೌಕಗಳಿಂದ ಆದುದು. ಒಂದೊಂದು ಚೌಕಕ್ಕೂ ಒಂದೇ ಬಣ್ಣ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ‘2400 × 3300’ ಎಂದರೆ ಅಡ್ಡಲಾಗಿ 2400 ಮತ್ತು ಉದ್ದಕ್ಕೆ 3300 ಪಿಕ್ಸೆಲ್‌ಗಳು, ಒಟ್ಟು 79,20,000. ಒಂದು ಪಿಕ್ಸೆಲ್ಲಿನ ಒಳಗೆ ಬೇರೆ ಯಾವ ವಿವರವೂ ಇರಲಾರದು. ನೇಯ್ದ ಕಂಬಳಿಯ ಮೇಲಿನ ಹೂವಿನಲ್ಲಿ ಒಂದು ಎಳೆಗಿಂತ ಸಣ್ಣ ದಳವನ್ನು ಹೇಗೆ ತೋರಿಸಲಾಗದೋ ಇದೂ ಹಾಗೆಯೇ.

ಈ ಸಂಖ್ಯೆಯು ತಾನಾಗಿಯೇ ಹೆಚ್ಚೋ ಕಡಿಮೆಯೋ ಎಂದು ಹೇಳಲು ಬಾರದು. ಅದನ್ನು ಮೂಲವಸ್ತುವಿನ ಅಳತೆಯೊಡನೆ ಹೋಲಿಸಬೇಕು. ಮೇಲಿನ ಪುಟವು 8 ಅಂಗುಲ ಅಗಲವಾಗಿದ್ದರೆ 2400ನ್ನು 8ರಿಂದ ಭಾಗಿಸಿದಾಗ ಅಂಗುಲಕ್ಕೆ 300 ಪಿಕ್ಸೆಲ್‌ಗಳಾದುವು. ಒಂದು ಅಂಗುಲಕ್ಕೆ 25.4 ಮಿಲಿಮೀಟರ್ ಇರುವುದರಿಂದ ಒಂದು ಮಿಲಿಮೀಟರಿಗೆ ಸುಮಾರು 11.8 ಪಿಕ್ಸೆಲ್‌ಗಳು ಬಂದಂತಾಯಿತು.

ಈಗ ನಮ್ಮ ‘ಧ’ಕಾರಕ್ಕೆ ಮರಳೋಣ. ಅದರ ಬುಡದ ಗೀಟಿನ ದಪ್ಪವು 0.3 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅಂಗುಲಕ್ಕೆ 300ರ ಚಿತ್ರದಲ್ಲಿ ಈ ದಪ್ಪಕ್ಕೆ ಸುಮಾರು 3.5 ಪಿಕ್ಸೆಲ್‌ಗಳು ದೊರೆಯುತ್ತವೆ. ಗೀಟು ಸ್ಪಷ್ಟವಾಗಿ ನಿಲ್ಲುತ್ತದೆ. ಅಂಗುಲಕ್ಕೆ 100 ಇದ್ದರೆ ದೊರೆಯುವುದು 1.2 ಪಿಕ್ಸೆಲ್, ಗೀಟು ಇದ್ದೂ ಇಲ್ಲದಂತಾಗುತ್ತದೆ. ಅಂಗುಲಕ್ಕೆ 72 ಆದರೆ 0.85 ಪಿಕ್ಸೆಲ್ ಮಾತ್ರ. ಆಗ ಗೀಟಿನ ಕಪ್ಪು, ಸುತ್ತಲಿನ ಕಾಗದದ ಬಿಳುಪು ಎರಡೂ ಒಂದೇ ಪಿಕ್ಸೆಲ್ಲಿನಲ್ಲಿ ಬೆರೆತು ಬೂದು ಬಣ್ಣವಾಗುತ್ತವೆ, ಧನವು ದನವಾಗುತ್ತದೆ. ‘ಪ’ ‘ಫ’ಗಳಿಗೂ, ‘ಡ’ ‘ಢ’ಗಳಿಗೂ, ‘ಬ’ ‘ಭ’ಗಳಿಗೂ ಇದೇ ಅಪಾಯವುಂಟು. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಇಂಗ್ಲಿಷಿನ ದಪ್ಪ ಅಕ್ಷರಗಳಿಗೆ ಸಾಕಾದ ಚಿತ್ರವು ಕನ್ನಡಕ್ಕೂ ಸಾಕೆಂದು ನಂಬಕೂಡದೆಂಬುದು ಇದರಿಂದ ವಿದಿತವಾಗುತ್ತದೆ.

ಇದೇ ಲೆಕ್ಕವು ವಿದ್ಯಾರ್ಥಿಗಳಿಗೆ ಪರೀಕ್ಷೆಯ ಅರ್ಜಿಗಳಲ್ಲಿಯೂ ಉಪಯೋಗಕ್ಕೆ ಬರುತ್ತದೆ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಭಾವಚಿತ್ರವನ್ನು ಅಂಗುಲಕ್ಕೆ 300ರಂತೆ ಮುದ್ರಿಸಲು ಎಷ್ಟು ಪಿಕ್ಸೆಲ್‌ಗಳು ಬೇಕು? 35ನ್ನು 25.4ರಿಂದ ಭಾಗಿಸಿ 300ರಿಂದ ಗುಣಿಸಿದರೆ 413. ಹಾಗೆಯೇ ಎತ್ತರಕ್ಕೆ 531. ಸ್ಥಿತಿಪಟ್ಟಿಯಲ್ಲಿ ‘413 × 531’ ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಗಳು ಇದ್ದರೆ ಚಿತ್ರವು ಸಾಕಾಗುತ್ತದೆ.

ಶೇಕಡಾ ಅಂಕೆಯ ಅರ್ಥ

ಸ್ಥಿತಿಪಟ್ಟಿಯಲ್ಲಿ ಜನರು ಬಹಳವಾಗಿ ತಪ್ಪು ತಿಳಿಯುವ ಭಾಗವೆಂದರೆ ಶೇಕಡಾ ಚಿಹ್ನೆಯುಳ್ಳ ಅಂಕೆ. 100% ಎಂದರೆ ಚಿತ್ರದ ಒಂದು ಪಿಕ್ಸೆಲ್ಲಿಗೆ ಪರದೆಯ ಒಂದು ಬಿಂದು. ಪರದೆಯ ಎತ್ತರವು 1080 ಬಿಂದುಗಳಿದ್ದು, ಚಿತ್ರದ ಎತ್ತರ 3300 ಆಗಿದ್ದರೆ ಇಡೀ ಪುಟವು ಒಮ್ಮೆಗೇ ಕಾಣಬೇಕಾದಾಗ ತಂತ್ರಾಂಶವು ಅದನ್ನು 30%ರಷ್ಟಕ್ಕೆ ಕುಗ್ಗಿಸುತ್ತದೆ. ಆಗ ಚಿತ್ರದ ಸುಮಾರು 11 ಪಿಕ್ಸೆಲ್‌ಗಳು ಕೂಡಿ ಪರದೆಯ ಒಂದು ಬಿಂದುವಾಗುತ್ತವೆ. ನಮ್ಮ 3.5 ಪಿಕ್ಸೆಲ್ ದಪ್ಪದ ಗೀಟು ಒಂದೇ ಬಿಂದುವಿಗೆ ಇಳಿಯುತ್ತದೆ. ಅದು ಕಾಣಲಿಲ್ಲವೆಂದು ಚಿತ್ರವನ್ನು ದೂರುವುದು ನ್ಯಾಯವಲ್ಲ. 100%ಕ್ಕೆ ತಂದು ನೋಡಿದರೆ ಗೀಟು ತಾನಾಗಿ ಪ್ರತ್ಯಕ್ಷವಾಗುವುದು.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಅದೇ ಪುಟದ 600 × 825 ಪಿಕ್ಸೆಲ್‌ಗಳ ಸಣ್ಣ ಚಿತ್ರವೊಂದು ನಮ್ಮ ಕೈಸೇರಿತೆನ್ನೋಣ. ಕಿಟಕಿಯನ್ನು ತುಂಬುವಂತೆ ಅದನ್ನು ಹಿಗ್ಗಿಸಿದಾಗ ಪುಟವು ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಆದರೆ ಸ್ಥಿತಿಪಟ್ಟಿ 120% ಎಂದು ಹೇಳುತ್ತಿರುತ್ತದೆ. 100ಕ್ಕಿಂತ ಹೆಚ್ಚಾದ ಅಂಕೆಯೆಂದರೆ ಇಲ್ಲದ ಬಿಂದುಗಳನ್ನು ತಂತ್ರಾಂಶವೇ ತುಂಬಿಸಿ ತೋರಿಸುತ್ತಿದೆಯೆಂದು ಅರ್ಥ. ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿಯನ್ನು ತೆಗೆದು ಅಂಚುಗಳನ್ನು ನಯಗೊಳಿಸುವುದರಿಂದ ಅಕ್ಷರಗಳು ದುಂಡಗೆ, ಅಂದವಾಗಿ ಕಾಣಬಹುದು. ಹೊಸ ವಿವರ ಮಾತ್ರ ಒಂದೂ ಸೇರಿರುವುದಿಲ್ಲ. ಹೀಗೆ ಪರದೆಯ ಮೇಲೆ ಒಂದೇ ಅಳತೆಯಲ್ಲಿ ಕಾಣುವ ಎರಡು ಪುಟಗಳಲ್ಲಿ ಒಂದು ‘ಧ’ವನ್ನು ಉಳಿಸಿಕೊಂಡಿರಬಹುದು, ಇನ್ನೊಂದು ಕಳೆದುಕೊಂಡಿರಬಹುದು. ಪಿಕ್ಸೆಲ್‌ಗಳ ಸಂಖ್ಯೆಯನ್ನೂ ಶೇಕಡಾ ಅಂಕೆಯನ್ನೂ ಒಟ್ಟಿಗೆ ಓದಿದಾಗಲೇ ಇವೆರಡರ ಭೇದ ತಿಳಿಯುವುದು.

ಬಣ್ಣದ ಆಳ ಮತ್ತು ಎರಡು ಗಾತ್ರಗಳು

‘24 ಬಿಪಿಪಿ’ ಎಂಬುದರಲ್ಲಿ ಬಿಪಿಪಿ ಎಂದರೆ ‘ಬಿಟ್ಸ್ ಪರ್ ಪಿಕ್ಸೆಲ್’. ಒಂದು ಪಿಕ್ಸೆಲ್ಲಿನ ಬಣ್ಣವನ್ನು ಬರೆದಿಡಲು ಉಪಯೋಗಿಸಿದ ಬಿಟ್‌ಗಳ ಸಂಖ್ಯೆ. ಒಂದು ಬಿಟ್ ಎಂದರೆ 0 ಅಥವಾ 1. ಒಂದೇ ಬಿಟ್ ಇದ್ದರೆ ಕಪ್ಪು, ಬಿಳುಪು ಎಂಬ ಎರಡೇ ಸಾಧ್ಯತೆಗಳು. 8 ಬಿಟ್‌ಗಳಿದ್ದರೆ 256 ಛಾಯೆಗಳು. ಕೆಂಪು, ಹಸಿರು, ನೀಲಿಗಳಿಗೆ ತಲಾ 8ರಂತೆ 24 ಬಿಟ್‌ಗಳಿದ್ದರೆ 1,67,77,216 ಬಣ್ಣಗಳು.

ಹಳೆಯ ಪುಟಗಳಲ್ಲಿ ಇರುವುದು ಕಪ್ಪು ಅಕ್ಷರಗಳಷ್ಟೇ ಅಲ್ಲವೆ, ಒಂದು ಬಿಟ್ ಸಾಲದೆ, ಎಂದು ಯಾರಾದರೂ ಕೇಳಬಹುದು. ಸಾಲದು. ಮಸಿಯು ಮಾಸಿ ತೆಳುವಾದ ಕಡೆಗಳಲ್ಲಿ ಗೀಟು ನಸುಬೂದು ಬಣ್ಣಕ್ಕಿರುತ್ತದೆ. ಒಂದು ಬಿಟ್ಟಿನ ಚಿತ್ರದಲ್ಲಿ ನಸುಬೂದಿಗೆ ಸ್ಥಳವಿಲ್ಲ. ಅದು ಬಿಳುಪಾಗಬೇಕು, ಇಲ್ಲವೆ ಕಪ್ಪಾಗಬೇಕು. ಕಾಗದದ ಮೇಲಿನ ತೇವದ ಕಲೆಯು ಕಪ್ಪಾಗಿ, ಮಾಸಿದ ಅಕ್ಷರವು ಬಿಳುಪಾಗಿ ಮಾಯವಾಗುವ ಸಂದರ್ಭಗಳುಂಟು. ಆದುದರಿಂದ ಕಾಪಾಡಿ ಇಡಬೇಕಾದ ಪುಟದ ಚಿತ್ರದಲ್ಲಿ 1 ಬಿಪಿಪಿ ಎಂದು ಕಂಡರೆ ನಾವು ಎಚ್ಚರಗೊಳ್ಳಬೇಕು.

ಇನ್ನು ಗಾತ್ರ. 2400ನ್ನು 3300ರಿಂದ ಗುಣಿಸಿ, ಒಂದು ಪಿಕ್ಸೆಲ್ಲಿಗೆ 3 ಬೈಟ್‌ಗಳಂತೆ ಲೆಕ್ಕಹಾಕಿದರೆ 2,37,60,000 ಬೈಟ್‌ಗಳಾಗುತ್ತವೆ. ಒಂದು ಎಂಬಿಗೆ 10,48,576 ಬೈಟ್‌ಗಳಂತೆ ಇದು 22.66 ಎಂಬಿ. ಸ್ಥಿತಿಪಟ್ಟಿಯ ಎರಡನೆಯ ಗಾತ್ರವು ಇದೇ. ಮೊದಲನೆಯದಾದ 2.10 ಎಂಬಿ ಎಂಬುದು ಕಡತದಲ್ಲಿ ಅಡಕಮಾಡಿ ಇಟ್ಟ ಗಾತ್ರ. ಸುಮಾರು ಹನ್ನೊಂದು ಪಾಲಿನ ಸಾಮಗ್ರಿಯನ್ನು ಒಂದು ಪಾಲಿನಲ್ಲಿ ತುರುಕಲಾಗಿದೆಯೆಂದಾಯಿತು.

ಅಡಕಮಾಡುವ ವಿಧಾನಗಳು ಎರಡು ಬಗೆ. ಪಿಎನ್‌ಜಿ ಮುಂತಾದವು ಯಾವ ವಿವರವನ್ನೂ ಬಿಡದೆ ಅಡಕಮಾಡುತ್ತವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜೆಪೆಗ್ ವಿಧಾನವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಮನೆಗಳಾಗಿ ವಿಭಾಗಿಸಿ, ಕಣ್ಣಿಗೆ ಅಷ್ಟಾಗಿ ಗೋಚರಿಸದ ನವುರಾದ ವಿವರಗಳನ್ನು ಬಿಟ್ಟುಬಿಡುತ್ತದೆ. ಮುಖ, ಮರ, ಮೋಡಗಳ ಚಿತ್ರಕ್ಕೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಅಕ್ಷರಗಳ ಚೂಪಾದ ಅಂಚುಗಳ ಸುತ್ತಲೂ ಮಾತ್ರ ಧೂಳಿನಂತಹ ಚುಕ್ಕೆಗಳು ಏಳುತ್ತವೆ. ಒಂದು ಗೀಟನ್ನು ಅಳಿಸುವಂತೆಯೇ ಇಲ್ಲದ ಗೀಟಿನ ಭ್ರಮೆಯನ್ನು ಹುಟ್ಟಿಸಲೂ ಇವು ಸಾಕು. ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಜೆಪೆಗ್ ಆಗಿ ಉಳಿಸಿದಂತೆಲ್ಲ ನಷ್ಟವು ಕೂಡುತ್ತ ಹೋಗುತ್ತದೆ. ಪಿಕ್ಸೆಲ್‌ಗಳ ಸಂಖ್ಯೆ ಮೊದಲಿನಂತೆಯೇ ಇದ್ದು, ಕಡತದ ಗಾತ್ರ ಮಾತ್ರ 2.10 ಎಂಬಿಯಿಂದ 0.30 ಎಂಬಿಗೆ ಇಳಿದಿದ್ದರೆ ವಿವರಗಳು ಬಹಳವಾಗಿ ಸೋರಿಹೋಗಿವೆಯೆಂದು ಅನುಮಾನಿಸಬೇಕು. ಮೊಬೈಲಿನಲ್ಲಿ ಸಂದೇಶದ ಮೂಲಕ ಬಂದ ಚಿತ್ರಗಳಲ್ಲಿ ಪಿಕ್ಸೆಲ್‌ಗಳ ಸಂಖ್ಯೆಯೂ ಕಡತದ ಗಾತ್ರವೂ ಒಟ್ಟಿಗೆ ಇಳಿದಿರುವುದು ಸಾಮಾನ್ಯ. ಮೂಲವನ್ನೇ ಕಳುಹಿಸಬೇಕಾದರೆ ಅದನ್ನು ಚಿತ್ರವಾಗಿ ಅಲ್ಲದೆ ದಾಖಲೆಯಾಗಿ ಕಳುಹಿಸುವುದು ಯುಕ್ತ.

ಎಣಿಕೆ ಮತ್ತು ದಿನಾಂಕ

‘17/64’ ಎಂಬುದು ಬಹಳ ಸರಳವಾದ ಅಂಕೆ: ಈ ಫೋಲ್ಡರಿನಲ್ಲಿ 64 ಚಿತ್ರಗಳಿವೆ, ನಾವು ನೋಡುತ್ತಿರುವುದು 17ನೆಯದು. ಆದರೆ ಹಳೆಯ ಪುಸ್ತಕವನ್ನು ಚಿತ್ರಗಳಾಗಿ ಮಾಡುವವರಿಗೆ ಇದು ಕಾವಲುಗಾರನಂತೆ ಸಹಾಯಮಾಡುತ್ತದೆ. 32 ಹಾಳೆಗಳ ಪುಸ್ತಕಕ್ಕೆ 64 ಪುಟಗಳಿರಬೇಕು. ಪಟ್ಟಿಯು 63 ಎಂದು ತೋರಿಸಿದರೆ ಎಲ್ಲಿಯೋ ಒಂದು ಪುಟ ಬಿಟ್ಟುಹೋಗಿದೆ. ಮೂಲಪ್ರತಿಯು ಕೈಯಲ್ಲಿರುವಾಗಲೇ ಇದನ್ನು ಗಮನಿಸಿದರೆ ಐದು ನಿಮಿಷದ ಕೆಲಸ. ಪುಸ್ತಕವು ಮರಳಿ ಬೀರು ಸೇರಿದ ಮೇಲೆ ಗಮನಿಸಿದರೆ ಮತ್ತೆ ಅನುಮತಿ ಬೇಡಬೇಕು, ಜೀರ್ಣವಾದ ಕಾಗದವನ್ನು ಇನ್ನೊಮ್ಮೆ ಬಿಡಿಸಬೇಕು.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಥಿತಿಪಟ್ಟಿಯು ತೋರಿಸುವುದು ಕಡತದ ದಿನಾಂಕವನ್ನು. ಕಡತವನ್ನು ತಿದ್ದಿ ಉಳಿಸಿದಾಗ, ಕೆಲವೊಮ್ಮೆ ಬೇರೆಡೆಯಿಂದ ಇಳಿಸಿಕೊಂಡಾಗ ಕೂಡ ಅದು ಬದಲಾಗುತ್ತದೆ. ಚಿತ್ರವನ್ನು ತೆಗೆದ ದಿನವೂ ಇದೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮುಂದಿನ ಉದಾಹರಣೆಯಲ್ಲಿ ಈ ಮಾತಿನ ಮಹತ್ವ ತಿಳಿಯುತ್ತದೆ.

ಚಿತ್ರವೇ ಅಳತೆಗೋಲಾಗುವ ಬಗೆ

ಇದುವರೆಗೆ ಚಿತ್ರದ ಗುಣವನ್ನು ಪರೀಕ್ಷಿಸಿದೆವು. ಸ್ಥಿತಿಪಟ್ಟಿಯ ಇನ್ನೊಂದು ಶಕ್ತಿಯೆಂದರೆ, ಚಿತ್ರದೊಳಗಿನ ವಸ್ತುಗಳನ್ನು ಅಳೆಯಲು ಅದು ಅನುವು ಮಾಡಿಕೊಡುತ್ತದೆ. ಪೈಂಟ್, ಜಿಂಪ್ ಮುಂತಾದ ತಂತ್ರಾಂಶಗಳಲ್ಲಿ ಮೌಸನ್ನು ಚಿತ್ರದ ಮೇಲೆ ಸರಿಸಿದಂತೆ ಪಟ್ಟಿಯಲ್ಲಿ ಎರಡು ಸಂಖ್ಯೆಗಳು ಬದಲಾಗುತ್ತಿರುತ್ತವೆ. ಮೊದಲನೆಯದು ಎಡ ಅಂಚಿನಿಂದ, ಎರಡನೆಯದು ಮೇಲಿನ ಅಂಚಿನಿಂದ ಇರುವ ದೂರ, ಎರಡೂ ಪಿಕ್ಸೆಲ್‌ಗಳಲ್ಲಿ. ಇರ್ಫಾನ್‌ವ್ಯೂನಲ್ಲಿ ಮೌಸಿನ ಎಡಗುಂಡಿಯನ್ನು ಒತ್ತಿದಾಗ ಇವು ಕಿಟಕಿಯ ಮೇಲ್ತುದಿಯ ಪಟ್ಟಿಯಲ್ಲಿ ಕಾಣುತ್ತವೆ. ವಿಜ್ಞಾನದ ಕೆಲಸಕ್ಕಾಗಿಯೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ರಚಿತವಾದ ‘ಇಮೇಜ್‌ಜೆ’ ಎಂಬ ಉಚಿತ ತಂತ್ರಾಂಶವು ಇವುಗಳೊಡನೆ ಆ ಪಿಕ್ಸೆಲ್ಲಿನ ಬೆಳಕಿನ ಪ್ರಮಾಣವನ್ನೂ ತೋರಿಸುತ್ತದೆ. ಗಣಿತದ ನಕ್ಷೆಗಳಲ್ಲಿ ಎರಡನೆಯ ಸಂಖ್ಯೆಯು ಮೇಲಕ್ಕೆ ಹೋದಂತೆ ಹೆಚ್ಚುವುದು. ಇಲ್ಲಿ ಕೆಳಕ್ಕೆ ಬಂದಂತೆ ಹೆಚ್ಚುವುದೆಂಬುದನ್ನು ನೆನಪಿನಲ್ಲಿಡಬೇಕು.

ನೇತ್ರಾವತಿ ಮತ್ತು ಗುರುಪುರ ನದಿಗಳು ಮಂಗಳೂರಿನ ಬಳಿ ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಅಳಿವೆಯ ಉತ್ತರಕ್ಕೆ ಬೆಂಗ್ರೆಯ ಮರಳದಂಡೆ, ದಕ್ಷಿಣಕ್ಕೆ ಉಳ್ಳಾಲ. ಉಳ್ಳಾಲದ ಕರಾವಳಿಯಲ್ಲಿ ಕಡಲ್ಕೊರೆತವು ಹಳೆಯ ವಿಪತ್ತು. ಮಳೆಗಾಲದ ಅಲೆಗಳಿಗೆ ತೆಂಗಿನ ಮರಗಳೂ ಮನೆಗಳೂ ಉರುಳಿವೆ. ದಡವು ಎಷ್ಟು ಸರಿದಿದೆಯೆಂಬುದನ್ನು ಉಪಗ್ರಹದ ಚಿತ್ರಗಳಿಂದ ಅಳೆಯಬಹುದು. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯು 2015ರ ಜೂನ್ ತಿಂಗಳಲ್ಲಿ ಹಾರಿಸಿದ ಸೆಂಟಿನೆಲ್–2ಎ ಮತ್ತು ಅದರ ಅನಂತರದ ಜೊತೆ ಉಪಗ್ರಹಗಳ ಚಿತ್ರಗಳು ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ಅವುಗಳ ಕೆಂಪು, ಹಸಿರು, ನೀಲಿ ಮತ್ತು ಸಮೀಪದ ಅವಕೆಂಪು ಪಟ್ಟಿಗಳಲ್ಲಿ ಒಂದು ಪಿಕ್ಸೆಲ್ ನೆಲದ ಮೇಲಿನ 10 ಮೀಟರ್ ಚೌಕಕ್ಕೆ ಸಮ.

ಚಿತ್ರದಲ್ಲಿ ಒಂದು ಸ್ಥಳದ ಸ್ಥಾನವು (412, 305), ಇನ್ನೊಂದರದು (572, 425) ಎಂದು ಪಟ್ಟಿಯು ತೋರಿಸಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಅಡ್ಡ ಅಂತರ 160, ಉದ್ದ ಅಂತರ 120. ಪೈಥಾಗೊರಸನ ಪ್ರಮೇಯದಂತೆ 160ರ ವರ್ಗ 25,600, 120ರ ವರ್ಗ 14,400, ಕೂಡಿದರೆ 40,000, ವರ್ಗಮೂಲ 200. ಆದುದರಿಂದ ಅವುಗಳ ನಡುವಣ ದೂರ 200 ಪಿಕ್ಸೆಲ್, ಎಂದರೆ 2 ಕಿಲೋಮೀಟರ್.

ಆದರೆ ನಮ್ಮ ಕೈಗೆ ಬಂದ ಚಿತ್ರದಲ್ಲಿ ಒಂದು ಪಿಕ್ಸೆಲ್ ನಿಜವಾಗಿಯೂ 10 ಮೀಟರೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಯಾರೋ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿ ಕೊಟ್ಟಿದ್ದರೆ ಒಂದು ಪಿಕ್ಸೆಲ್ 20 ಮೀಟರ್ ಆಗಿ, 2 ಕಿಲೋಮೀಟರ್ ಎಂದುಕೊಂಡದ್ದು ವಾಸ್ತವವಾಗಿ 4 ಕಿಲೋಮೀಟರ್ ಆಗಿರುತ್ತದೆ. ಇದಕ್ಕೆ ಮಂಗಳೂರಿನಲ್ಲಿಯೇ ಒಂದು ಒಳ್ಳೆಯ ಅಳತೆಗೋಲು ಉಂಟು: ವಿಮಾನ ನಿಲ್ದಾಣದ ದೊಡ್ಡ ಓಡುದಾರಿ. ಅದರ ಉದ್ದ 2,450 ಮೀಟರ್. ಅದರ ತುದಿಗಳಲ್ಲಿ 06 ಮತ್ತು 24 ಎಂದು ಬರೆದಿರುತ್ತದೆ. ಇವು ಹತ್ತು ಡಿಗ್ರಿಗಳ ಲೆಕ್ಕದಲ್ಲಿ ದಿಕ್ಕನ್ನು ಸೂಚಿಸುವ ಅಂಕೆಗಳು. 06 ಎಂದರೆ ಉತ್ತರದಿಂದ ಪೂರ್ವದ ಕಡೆಗೆ ಸುಮಾರು 60 ಡಿಗ್ರಿ. ಹೀಗೆ ದಾರಿಯು ಓರೆಯಾಗಿರುವುದರಿಂದ ಚಿತ್ರದಲ್ಲಿ ಅದರ ಅಡ್ಡ ಅಂತರ ಸುಮಾರು 212, ಉದ್ದ ಅಂತರ ಸುಮಾರು 122 ಪಿಕ್ಸೆಲ್ ಬರಬೇಕು. ಇವುಗಳಿಂದ ದೊರೆಯುವ ಉದ್ದ 245 ಪಿಕ್ಸೆಲ್. ಇದರ ಅರ್ಧದಷ್ಟೇ ಬಂದರೆ ಚಿತ್ರವು ಕುಗ್ಗಿದೆಯೆಂದು ನಿಶ್ಚಯ. ಪಕ್ಕದಲ್ಲಿರುವ ಹಳೆಯ ಚಿಕ್ಕ ದಾರಿಯನ್ನು ಇದೆಂದು ಭ್ರಮಿಸಬಾರದು. ಅದು 1,615 ಮೀಟರ್ ಮಾತ್ರ.

ಅಳತೆಗೋಲು ಸರಿಯಾದ ಮೇಲೆ ದಡವನ್ನು ಗುರುತಿಸಬೇಕು. ನೀರು ಸಮೀಪದ ಅವಕೆಂಪು ಕಿರಣಗಳನ್ನು ಹೀರಿಕೊಳ್ಳುವುದರಿಂದ ಆ ಪಟ್ಟಿಯ ಚಿತ್ರದಲ್ಲಿ ಸಮುದ್ರವು ಕಪ್ಪಗೆ, ನೆಲವು ಬೆಳ್ಳಗೆ ತೋರುತ್ತದೆ. ಮೌಸನ್ನು ನೆಲದಿಂದ ಕಡಲಿನ ಕಡೆಗೆ ಒಂದೊಂದೇ ಪಿಕ್ಸೆಲ್ ಸರಿಸುತ್ತ ಹೋದಾಗ ಬೆಳಕಿನ ಪ್ರಮಾಣವು 180, 176, 98, 24, 21 ಎಂಬಂತೆ ಇಳಿಯಿತೆನ್ನೋಣ. 98 ಎಂಬ ನಡುವಣ ಸಂಖ್ಯೆಯು ಅರ್ಧ ಮರಳು, ಅರ್ಧ ನೀರು ಇರುವ ಪಿಕ್ಸೆಲ್. ದಡದ ಗೆರೆಯು ಅದರೊಳಗೆ ಎಲ್ಲಿಯೋ ಇದೆ. ಹಾಗಾದರೆ ನಮ್ಮ ಅಳತೆಯಲ್ಲಿ ಒಂದು ಪಿಕ್ಸೆಲ್ಲಿನಷ್ಟು, ಎಂದರೆ ಸುಮಾರು 10 ಮೀಟರ್, ಅನಿಶ್ಚಯವು ಇದ್ದೇ ಇರುತ್ತದೆ. ಎರಡು ವರ್ಷಗಳ ಎರಡು ಚಿತ್ರಗಳನ್ನು ಹೋಲಿಸುವಾಗ ಎರಡರ ಅನಿಶ್ಚಯವೂ ಸೇರುವುದು. ರಸ್ತೆಯಿಂದ ದಡಕ್ಕೆ ಒಂದರಲ್ಲಿ 14 ಪಿಕ್ಸೆಲ್, ಇನ್ನೊಂದರಲ್ಲಿ 13 ಪಿಕ್ಸೆಲ್ ಬಂದರೆ ಕೊರೆತವಾಗಿದೆಯೆಂದು ಸಾರುವಂತಿಲ್ಲ. ಆಗಿಲ್ಲವೆಂದು ಸಾರುವಂತೆಯೂ ಇಲ್ಲ. 14 ಇದ್ದದ್ದು 8ಕ್ಕೆ ಇಳಿದಿದ್ದರೆ ಮಾತು ಬೇರೆ.

ಉಬ್ಬರ ಇಳಿತಗಳನ್ನೂ ಗಣಿಸಬೇಕು. ಮರಳದಂಡೆಯ ಇಳಿಜಾರು 20ಕ್ಕೆ 1 ಆಗಿದ್ದರೆ, ನೀರು 1 ಮೀಟರ್ ಏರಿದಾಗ ದಡದ ಗೆರೆಯು 20 ಮೀಟರ್, ಎಂದರೆ 2 ಪಿಕ್ಸೆಲ್, ಒಳಕ್ಕೆ ಸರಿಯುತ್ತದೆ. ಮಳೆಗಾಲದಲ್ಲಿ ಅಲೆಗಳು ಮರಳನ್ನು ಸೆಳೆದೊಯ್ಯುತ್ತವೆ. ಬೇಸಗೆಯಲ್ಲಿ ಅದರಲ್ಲೊಂದು ಪಾಲು ಮರಳಿ ಬಂದು ಸೇರುತ್ತದೆ. ಆದುದರಿಂದ ಒಂದೇ ಋತುವಿನ, ಸಾಧ್ಯವಾದರೆ ಒಂದೇ ಬಗೆಯ ಉಬ್ಬರದ ಚಿತ್ರಗಳನ್ನೇ ಹೋಲಿಸಬೇಕು. ಇಲ್ಲಿಯೇ ದಿನಾಂಕದ ಎಚ್ಚರಿಕೆಯು ನೆನಪಿಗೆ ಬರಬೇಕು. ಸ್ಥಿತಿಪಟ್ಟಿಯಲ್ಲಿರುವುದು ನಾವು ಚಿತ್ರವನ್ನು ಇಳಿಸಿಕೊಂಡ ದಿನವಾಗಿರಬಹುದು. ಉಪಗ್ರಹವು ಮಂಗಳೂರಿನ ಮೇಲೆ ಹಾದ ದಿನವನ್ನು ಚಿತ್ರದೊಡನೆ ಬರುವ ವಿವರಪತ್ರದಿಂದಲೇ ತಿಳಿಯಬೇಕು. ತಮ್ಮ ಮನೆಯ ಹಿತ್ತಿಲು ಎಷ್ಟು ಹೋಯಿತೆಂದು ಕೇಳುವ ಜನರಿಗೆ ತಪ್ಪು ಅಳತೆಯನ್ನು ಕೊಡುವುದು ಸಣ್ಣ ದೋಷವಲ್ಲ.

ಪುಟಗಳ ಕೆಲಸದಲ್ಲಿಯೂ ಈ ಸ್ಥಾನಸಂಖ್ಯೆಗಳು ಬೇಕಾಗುತ್ತವೆ. ಮೊಬೈಲಿನಲ್ಲಿ ತೆಗೆದ 3000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಮೇಜು, ಗೋಡೆಗಳೂ ಸೇರಿರಬಹುದು. ಪುಟದ ಎಡ ಅಂಚು 740ರಲ್ಲಿ, ಬಲ ಅಂಚು 2240ರಲ್ಲಿ ಇದ್ದರೆ ಪುಟಕ್ಕೆ ಸಿಕ್ಕಿದ್ದು 1500 ಪಿಕ್ಸೆಲ್ ಮಾತ್ರ. 8 ಅಂಗುಲದ ಪುಟಕ್ಕೆ ಇದು ಅಂಗುಲಕ್ಕೆ 187.5. ಕ್ಯಾಮೆರವನ್ನು ಇನ್ನೂ ಹತ್ತಿರ ತರಬೇಕೆಂದು ಸ್ಪಷ್ಟವಾಗುತ್ತದೆ.

ಬಣ್ಣದ ಸಂಖ್ಯೆಗಳು

ಕೆಲವು ತಂತ್ರಾಂಶಗಳು ಸ್ಥಾನದೊಡನೆ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು 0ಯಿಂದ 255ರವರೆಗಿನ ಸಂಖ್ಯೆಗಳಲ್ಲಿ ತಿಳಿಸುತ್ತವೆ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆ ಚಾವಣಿಗಳ ಮೇಲೆ ಇಟಲಿಯ ಅಂತೋನಿಯೊ ಮೊಸ್ಕೇನಿಯವರು ಬರೆದ ವರ್ಣಚಿತ್ರಗಳಿವೆ. ಅವುಗಳ ಎರಡು ಛಾಯಾಚಿತ್ರಗಳಲ್ಲಿ ಒಂದೇ ವಸ್ತ್ರದ ಕೆಂಪು ಒಮ್ಮೆ 190, ಇನ್ನೊಮ್ಮೆ 160 ಎಂದು ಬಂದರೆ ಬಣ್ಣವು ಮಾಸಿತೆಂದು ತೀರ್ಮಾನಿಸಬಹುದೆ? ಕೂಡದು. ಬೆಳಗಿನ ಬೆಳಕು, ವಿದ್ಯುದ್ದೀಪ, ಕ್ಯಾಮೆರದ ಸ್ವಭಾವ ಇವೆಲ್ಲವೂ ಆ ಸಂಖ್ಯೆಯನ್ನು ಬದಲಿಸುತ್ತವೆ. ಬಣ್ಣ ಗೊತ್ತಿರುವ ಒಂದು ಪಟ್ಟಿಯನ್ನು ಪಕ್ಕದಲ್ಲಿಟ್ಟು ಎರಡು ಸಲವೂ ಚಿತ್ರ ತೆಗೆದಿದ್ದರೆ ಮಾತ್ರ ಹೋಲಿಕೆಯು ಸಾಧುವಾದೀತು. ಓಡುದಾರಿಯು ಉದ್ದಕ್ಕೆ ಹೇಗೋ ಈ ಪಟ್ಟಿಯು ಬಣ್ಣಕ್ಕೆ ಹಾಗೆ.

ಸ್ಥಿತಿಪಟ್ಟಿಯ ಮಿತಿ

ಕೊನೆಯದಾಗಿ ಒಂದು ಮಾತು. ಸ್ಥಿತಿಪಟ್ಟಿಯು ಇರುವುದನ್ನು ಎಣಿಸುತ್ತದೆ. ಅದು ಎಲ್ಲಿಂದ ಬಂದಿತೆಂದು ಹೇಳುವುದಿಲ್ಲ. 600 × 825ರ ಸಣ್ಣ ಪುಟವನ್ನು ಯಾರಾದರೂ ತಂತ್ರಾಂಶದಿಂದ ನಾಲ್ಕು ಪಟ್ಟು ಹಿಗ್ಗಿಸಿ ಉಳಿಸಿದರೆ ಪಟ್ಟಿಯು 2400 × 3300 ಎಂದೇ ತೋರಿಸುವುದು. ಕೃತಕ ಬುದ್ಧಿಮತ್ತೆಯಿಂದ ಮಸುಕಾದ ಚಿತ್ರಗಳನ್ನು ಚೂಪುಗೊಳಿಸುವ ಸಾಧನಗಳು ಈಗ ಬಳಕೆಗೆ ಬಂದಿವೆ. ಅವು ಬೂದುಬಣ್ಣದ ಕಲೆಯನ್ನು ಕಂಡು, ತಾವು ಹಿಂದೆ ನೋಡಿದ ಅಕ್ಷರಗಳ ಆಧಾರದ ಮೇಲೆ ಊಹಿಸಿ, ‘ದ’ವನ್ನೋ ‘ಧ’ವನ್ನೋ ಅಂದವಾಗಿ ಬರೆದುಬಿಡಬಲ್ಲವು. ಆ ಗೀಟು ಹಳೆಯ ಲಿಪಿಕಾರನ ಕೈಯದಲ್ಲ, ಯಂತ್ರದ ಊಹೆಯದು. ಆದುದರಿಂದ ಮೂಲ ಚಿತ್ರವನ್ನು ಮುಟ್ಟದೆ ಬೇರೆಯಾಗಿ ಇಟ್ಟುಕೊಂಡು, ಅದರ ಅಗಲ, ಎತ್ತರ, ಗಾತ್ರ, ತೆಗೆದ ದಿನ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವು ಒಳ್ಳೆಯದು. ಮುಂದೆ ಯಾವಾಗಲಾದರೂ ಸಂದೇಹ ಬಂದರೆ ಸ್ಥಿತಿಪಟ್ಟಿಯ ಅಂಕೆಗಳನ್ನು ಆ ಬರಹದೊಡನೆ ತಾಳೆನೋಡಬಹುದು.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. 6 ಅಂಗುಲ ಅಗಲದ ಪುಟದ ಚಿತ್ರವು 1200 ಪಿಕ್ಸೆಲ್ ಅಗಲವಿದೆ. 0.3 ಮಿಲಿಮೀಟರ್ ದಪ್ಪದ ಗೀಟಿಗೆ ಎಷ್ಟು ಪಿಕ್ಸೆಲ್‌ಗಳು ದೊರೆಯುತ್ತವೆ?

2. 3000 × 4000 × 24 ಬಿಪಿಪಿ ಎಂದಿರುವ ಚಿತ್ರಕ್ಕೆ ಗಣಕದ ನೆನಪಿನಲ್ಲಿ ಎಷ್ಟು ಎಂಬಿ ಬೇಕು?

3. ಮಂಗಳೂರಿನ ಒಂದು ಉಪಗ್ರಹ ಚಿತ್ರದಲ್ಲಿ ದೊಡ್ಡ ಓಡುದಾರಿಯು 98 ಪಿಕ್ಸೆಲ್ ಉದ್ದವಿದೆ. ಒಂದು ಪಿಕ್ಸೆಲ್ ಎಷ್ಟು ಮೀಟರಿಗೆ ಸಮ? ಆ ಚಿತ್ರದಿಂದ ದಡವು 15 ಮೀಟರ್ ಸರಿದಿದೆಯೆಂದು ಹೇಳಬಹುದೆ?

ಉತ್ತರಗಳು: 1. ಸುಮಾರು 2.4. 2. ಸುಮಾರು 34.33 ಎಂಬಿ. 3. ಒಂದು ಪಿಕ್ಸೆಲ್ 25 ಮೀಟರ್; 15 ಮೀಟರ್ ಒಂದು ಪಿಕ್ಸೆಲ್ಲಿಗಿಂತ ಕಡಿಮೆಯಾದುದರಿಂದ ಹಾಗೆ ಹೇಳಲಾಗದು.